ಬ್ಯಾಲೆನ್ಸ್ ನಾಬ್ ಇಲ್ಲದ ಆಂಪ್ಲಿಫೈಯರ್

ಅಣ್ಣ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಆಂಪ್ಲಿಫೈಯರ್ ಹನ್ನೊಂದು ಲಕ್ಷ. ನೀನು ಬೇಡವೆಂದ ಮೊದಲನೆಯದನ್ನು ವಾಪಸ್ ಕಳಿಸಿ ಇನ್ನೊಂದು ತರಿಸಿದ ಸಾಗಣೆ, ವಿಮೆ ಎಲ್ಲ ಸೇರಿ ನಲವತ್ತೆರಡು ಸಾವಿರ. ಹಲ್ಲಿನ ಡಾಕ್ಟರಿಗೆ ಬಿಟ್ಟ ರಿಯಾಯಿತಿ ಅರವತ್ತು ಸಾವಿರ. ಅಂಗಡಿಯಲ್ಲಿನ ನಿನ್ನ ಪಾಲು ನನ್ನ ಹೆಸರಿಗೆ ಮಾಡಿಸಿದ ವಕೀಲರ ಫೀಸು ಒಂಬತ್ತು ಸಾವಿರ. ನಿನ್ನ ಬಲಗಿವಿ ಒಂದು. ಕೊನೆಯದನ್ನು ಯಾವ ಬಾಬ್ತಿಗೆ ಹಾಕಬೇಕೋ ತಿಳಿಯದೆ ಎರಡು ತಿಂಗಳು ಸುಮ್ಮನಿದ್ದೆ.

ಹೋದ ವಾರ ಅತ್ತಿಗೆ ಅಂಗಡಿಗೆ ಬಂದಿದ್ದರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. "ಕಿವಿ ಡಾಕ್ಟ್ರು ಏನಂದ್ರು ಗೊತ್ತಾ? ಒಳಗೆ ಏನೋ ಬೆಳೀತಿತ್ತಂತೆ. ಒಂದು ವರ್ಷ ಮುಂಚೆ ಬಂದಿದ್ರೆ ಕಿವಿ ಉಳೀತಿತ್ತು ಅಂದ್ರು. ದಿನಾ ಜೊತೆಗಿದ್ದೋನು ನೀನು. ನಿನಗೆ ಯಾವಾಗಿಂದ ಗೊತ್ತಿತ್ತಪ್ಪಾ?" ಎಂದು ಕೇಳಿದರು. "ಆ ಶನಿವಾರ ಅಂಗಡೀಲೇ ಗೊತ್ತಾಗಿದ್ದು ಅತ್ತಿಗೆ" ಎಂದೆ. ನಂಬಿದರು. ನಾನು ಮಾರಿದ ಯಾವ ಸರಕೂ ಅಷ್ಟು ಸಲೀಸಾಗಿ ಹೋಗಿದ್ದಿಲ್ಲ. ಅದಕ್ಕೇ ನಿನಗೆ ನಿಜ ಬರೆಯುತ್ತಿದ್ದೇನೆ. ನನಗೆ ಹದಿನಾಲ್ಕು ತಿಂಗಳಿಂದ ಗೊತ್ತಿತ್ತು.

ಹೇಗೆ ಅಂತೀಯಾ? ಕಾರ್ಪೆಟ್ಟು ಹೇಳಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಸ್ಪೀಕರು, ಎದುರಿಗೆ ಒಂದೇ ಕುರ್ಚಿ. ಟೇಪು ಹಿಡಿದು ಅಳೆದು ಅದನ್ನು ಸರಿಯಾಗಿ ನಟ್ಟನಡುವೆ ಇಟ್ಟವನು ನೀನೇ. ಒಂದು ಬೆಳಗ್ಗೆ ಧೂಳು ತೆಗೆಯುವಾಗ ನೋಡುತ್ತೇನೆ, ಕುರ್ಚಿಯ ಕಾಲು ಒತ್ತಿದ ಗುಳಿಗಳು ನಾಲ್ಕಲ್ಲ, ಎಂಟು. ಹೊಸ ನಾಲ್ಕು ಬಲಕ್ಕೆ ಮೂರು ಬೆರಳಿನಷ್ಟು ಸರಿದಿದ್ದವು. ಮತ್ತೆರಡು ತಿಂಗಳಿಗೆ ಒಂದು ಗೇಣು. ಆಮೇಲೆ ಬ್ಯಾಲೆನ್ಸ್ ನಾಬ್ ನೋಡಲು ಶುರುಮಾಡಿದೆ. ಎಡಬಲದ ಸದ್ದನ್ನು ತೂಗುವ ಆ ನಾಬ್ ಗಡಿಯಾರದ ಹನ್ನೆರಡರ ಜಾಗದಲ್ಲಿ ನಿಂತಿರಬೇಕು. ನೀನು ಎದ್ದುಹೋದ ಮೇಲೆ ಎರಡರಲ್ಲಿರುತ್ತಿತ್ತು, ಬಲಗಡೆಯ ಸದ್ದು ಹೆಚ್ಚಾಗುವಂತೆ. ನೀನು ಬಲಕ್ಕೆ ತಿರುಗಿಸುತ್ತಿದ್ದೆ, ನಾನು ನಡುವಿಗೆ ತರುತ್ತಿದ್ದೆ. ಇಬ್ಬರೂ ಬಾಯಿ ಬಿಡಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟು ತಪ್ಪದೆ ನಡೆದ ಮಾತುಕತೆ ಬೇರೊಂದಿಲ್ಲ.

ಗುಳಿ ಕಂಡ ಮೊದಲ ವಾರ ಹೇಳೋಣ ಎಂದೇ ಇದ್ದೆ. ಆದರೆ ಅದೇ ವಾರ ನಿನ್ನ ಪಾಲು ನನಗೆ ಮಾರು ಎಂದು ನಾನು ಕೇಳಿದೆ, ನೆನಪಿದೆಯೇ? ದುಡ್ಡು ನನ್ನದು, ಕಿವಿ ನಿನ್ನದು, ಅರ್ಧರ್ಧ ಎಂದು ಶುರುಮಾಡಿದ ಅಂಗಡಿ. ನೀನು ನಾಲ್ಕು ಜನ ಗಿರಾಕಿಗಳ ಎದುರಿಗೆ ನಕ್ಕೆ. "ನೋಡಿ, ನಮ್ಮ ತಮ್ಮನಿಗೆ ದುಡ್ಡಿನ ಸದ್ದೊಂದೇ ಕೇಳ್ಸೋದು. ಮಿಕ್ಕಿದ್ದಕ್ಕೆಲ್ಲ ಪೂರ್ತಿ ಕಿವುಡ." ಎಲ್ಲರೂ ನಕ್ಕರು. ಬಿಲ್ ಹರಿದು ಕೊಡುತ್ತಾ ನಾನೂ ನಕ್ಕೆ. ಇಪ್ಪತ್ತೆರಡು ವರ್ಷದಿಂದ ಅದೇ ಜೋಕು. ಆ ಸಂಜೆ ಬ್ರಷ್ಷು ತಂದು ಕಾರ್ಪೆಟ್ಟಿನ ಗುಳಿಗಳನ್ನು ಉಜ್ಜಿ ಸಮ ಮಾಡಿದೆ. ಇನ್ಯಾರಿಗೂ ಕಾಣಬಾರದಲ್ಲ.

ಆಮೇಲೆ ಈ ಆಂಪ್ಲಿಫೈಯರ್ ಬಂತು. ಮೂವತ್ತೆಂಟು ಕಿಲೋ ತೂಕ, ಬೆಳ್ಳಿ ಬಣ್ಣದ ಮುಖ, ಮುಖದ ಮೇಲೆ ಎರಡೇ ನಾಬ್. ಒಂದು ಸದ್ದು ಏರಿಸಿ ಇಳಿಸಲು, ಇನ್ನೊಂದು ಹಾಡು ಎಲ್ಲಿಂದ ಬರಬೇಕೆಂದು ಆರಿಸಲು. ಕಂಪನಿಯವನು ಹೆಮ್ಮೆಯಿಂದ ಹೇಳಿದ. "ಬ್ಯಾಲೆನ್ಸ್ ಕೊಟ್ಟಿಲ್ಲ ಸಾರ್. ಸದ್ದಿನ ದಾರೀಲಿ ಅದೊಂದು ಅಡ್ಡಿ. ಕೇಳೋರ ಕಿವಿ ನೆಟ್ಟಗಿದ್ರೆ ಅದ್ಯಾಕೆ ಬೇಕು?" ಪಾಪ, ಅವನಿಗೇನೂ ಗೊತ್ತಿರಲಿಲ್ಲ. ನಾನು ಮಾತ್ರ ನಿನ್ನ ಮುಖ ನೋಡುತ್ತಿದ್ದೆ.

ನೀನು ಕೂತು ಕೇಳಿದೆ. "ಬಲಗಡೆ ಸದ್ದು ಬಡಕಲು. ವಾಪಸ್ ಕಳ್ಸು." ಕಳಿಸಿದೆ. ಎರಡನೆಯದು ಬಂತು. ಆ ಶನಿವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಹೆಂಡತಿಯೊಡನೆ ಬಂದಿದ್ದರು. ನಿಮ್ಮಣ್ಣ ಹೂಂ ಅಂದರೆ ಚೆಕ್ ಬರೀತೀನಿ ಎಂದು ಕಾದು ಕೂತಿದ್ದ ಮನುಷ್ಯ. ಕಂಪನಿಯವನೂ ಇದ್ದ. ನೀನು ಎರಡು ಹಾಡು ಕೇಳಿ, "ತಗೋಬೇಡಿ ಡಾಕ್ಟ್ರೇ. ಇದೂ ಹಾಗೇ. ತಯಾರಿಕೆಯಲ್ಲೇ ದೋಷ" ಎಂದೆ.

'ಅಣ್ಣ, ಒಂದ್ನಿಮಿಷ ಹೊರಗೆ ಬಾ.' ಇಷ್ಟೇ ಹೇಳಬೇಕಾಗಿದ್ದುದು. ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ.

"ನೀನೇ ಕಲಿಸಿದ್ದಲ್ವಾ ಅಣ್ಣ, ಒಂದು ಕಡೆ ಸದ್ದು ಸತ್ತರೆ ಮೊದಲು ಎಡಬಲ ಬದಲಿಸಿ ನೋಡು ಅಂತ. ದೋಷ ಯಂತ್ರದ್ದಾದ್ರೆ ಅದೂ ಜಾಗ ಬದಲಾಯಿಸುತ್ತೆ" ಎಂದೆ. ನೀನು ವೈರು ಕಿತ್ತು ಹಾಕಲು ಎದ್ದೆ. "ವೈರು ಯಾಕೆ? ಕೂತಿರು" ಎಂದು ನಾನು ನಿನ್ನನ್ನು ಮತ್ತೆ ಕೂರಿಸಿ ಕುರ್ಚಿಯನ್ನೇ ಹಿಂದುಮುಂದಾಗಿ ತಿರುಗಿಸಿದೆ. ನಿನ್ನ ಮುಖ ಗೋಡೆಗೆ, ಬೆನ್ನು ನಮಗೆ. ಬಲಗಡೆಯ ಸ್ಪೀಕರು ಈಗ ನಿನ್ನ ಎಡಗಿವಿಯ ಪಕ್ಕ. ಅದೇ ಹಾಡು ಹಾಕಿದೆ. "ಈಗ ಯಾವ ಕಡೆ ಬಡಕಲು ಅಣ್ಣ?"

ನಿನ್ನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ಕಂಡಿತು. ನಿನಗೆ ಅರ್ಥವಾಗಿತ್ತು. ಎಡಗಡೆ ಎಂದು ಒಂದು ಸುಳ್ಳು ಹೇಳಿದ್ದರೆ ಯಂತ್ರ ವಾಪಸ್ ಹೋಗುತ್ತಿತ್ತು, ನಿನ್ನ ಮರ್ಯಾದೆ ಇರುತ್ತಿತ್ತು, ನಾನು ಸೋಲುತ್ತಿದ್ದೆ. ಆದರೆ ನಾನು ಪಣ ಕಟ್ಟಿದ್ದೇ ಅದರ ಮೇಲೆ. ನೀನು ಕೇಳಿಸಿದ್ದನ್ನು ಬಿಟ್ಟು ಬೇರೆ ಹೇಳುವವನಲ್ಲ.

"ಬಲಗಡೆನೇ" ಎಂದೆ ನೀನು.

ಡಾಕ್ಟರ ಹೆಂಡತಿ ಕಿಸಕ್ಕನೆ ನಕ್ಕರು. "ಅಯ್ಯೋ, ಹಾಗಾದ್ರೆ ವಾಪಸ್ ಕಳಿಸ್ಬೇಕಾದ್ದು ಕಿವೀನೇ!" ಡಾಕ್ಟರು ಅವರ ತೋಳು ಹಿಡಿದು ಸುಮ್ಮನಾಗಿಸಿದರು. ಕಂಪನಿಯವನು ತನ್ನ ಬೂಟು ನೋಡಿಕೊಂಡ. ನೀನು ಗೋಡೆಯ ಕಡೆಗೇ ಮುಖವಿಟ್ಟು ಮೆಲ್ಲಗೆ, "ತಮ್ಮಾ, ಕುರ್ಚಿ ತಿರುಗಿಸು" ಎಂದೆ. ನಾನು ಮೊದಲು ಬಿಲ್ ಬರೆದೆ.

ಒಂದು ವಾರಕ್ಕೆ ನೀನು ಪಾಲಿನ ಪತ್ರಕ್ಕೆ ಸಹಿ ಹಾಕಿಕೊಟ್ಟೆ. ಮೊದಲು ನಾನು ಕೊಡುತ್ತೇನೆಂದಿದ್ದರ ಅರ್ಧಕ್ಕೆ. ಚೌಕಾಸಿಯನ್ನೂ ಮಾಡಲಿಲ್ಲ. ಅದೊಂದು ನನಗೆ ಇಷ್ಟವಾಗಲಿಲ್ಲ. ನೀನು ಜಗಳವಾಡುತ್ತೀಯ ಎಂದು ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ.

ಕ್ಷಮೆ ಕೇಳುತ್ತಿಲ್ಲ. ನೀನು ಕೊಟ್ಟರೂ ಅದನ್ನು ಎಲ್ಲಿಡಬೇಕೋ ನನಗೆ ತಿಳಿಯದು. ಈ ಕಾಗದವನ್ನು ಅತ್ತಿಗೆಗೆ ತೋರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ತೋರಿಸಿದರೆ ಅವರು ನನ್ನ ಹೊಸ್ತಿಲು ತುಳಿಯುವುದಿಲ್ಲ. ಅದೂ ಗೊತ್ತಿದ್ದೇ ಬರೆದಿದ್ದೇನೆ.

ಯಾರಿಗೆ ಏನು ಸಿಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ಡಾಕ್ಟರಿಗೆ ಆಂಪ್ಲಿಫೈಯರ್; ಬಹಳ ಚೆನ್ನಾಗಿದೆಯಂತೆ. ಅವರ ಹೆಂಡತಿಗೆ ನಾಲ್ಕು ಮನೆಯಲ್ಲಿ ಹೇಳಿ ನಗಲು ಒಂದು ಕಥೆ. ಕಂಪನಿಯವನಿಗೆ ಕಮಿಷನ್ನು. ನನಗೆ ಇಡೀ ಅಂಗಡಿ, ಯಾವುದು ಚೆಂದ ಯಾವುದು ಅಲ್ಲ ಎಂದು ಹೇಳುವವರಿಲ್ಲದ ಅಂಗಡಿ. ನಿನಗೆ, ನಿನ್ನ ಕಿವಿಯನ್ನು ಯಾರು ತಿಂದರೆಂಬ ಸುದ್ದಿ.

ಉಳಿದ ಕಿವಿಗೆ ಆಯಸ್ಸು ಹೆಚ್ಚಲಿ. ಹೋಗಿಬರುತ್ತೇನೆ ಎನ್ನಲಾರೆ, ಬರುವುದಿಲ್ಲ.

ನಿನ್ನ ತಮ್ಮ