ಬಾಗಿಲು ಮುಚ್ಚುವ ಕೋಣೆ

ಬಾಡಿಗೆ ಮನೆಯ ಅಡುಗೆಕಟ್ಟೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟ ಹೇಗಿದೆ? ಆಸ್ಪತ್ರೆಯ ಹೆಡ್ ನರ್ಸು ಊರಿನ ರೋಗಿಗಳನ್ನೆಲ್ಲ ಎತ್ತಿ ಮಲಗಿಸಿ, ಮನೆಗೆ ಬಂದ ಮೇಲೆ ತಾನೇ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ ಎಂದು ಭಾವ ಫೋನಿನಲ್ಲಿ ಹೇಳಿದರು. ನಿನ್ನನ್ನು ಕೇಳಿದರೆ ‘ಏನೂ ಇಲ್ಲ’ ಅನ್ನುತ್ತೀಯ. ನಿನ್ನ ‘ಏನೂ ಇಲ್ಲ’ವನ್ನು ನಾನು ಚಿಕ್ಕಂದಿನಿಂದ ನಂಬಿದವಳಲ್ಲ. ಡಾಕ್ಟರು ಕೊಟ್ಟ ಬೆಲ್ಟು ಬೀರುವಿನಲ್ಲಿದ್ದರೆ ಬೀರುವಿನ ಸೊಂಟ ನೆಟ್ಟಗಾಗುತ್ತದೆಯೇ ಹೊರತು ನಿನ್ನದಲ್ಲ. ದಯವಿಟ್ಟು ಕಟ್ಟಿಕೋ. ಭಾವ ಕೆಲಸ ಮುಗಿಸಿ ಹಿಂದಿರುಗುವಾಗ ದಾರಿಯಲ್ಲಿ ಇಲ್ಲಿ ಇಳಿದು ಈ ಕಾಗದ ತೆಗೆದುಕೊಂಡು ಹೋಗುತ್ತಾರಂತೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಮನೆಗೂ ಮಾಲೀಕರ ಮನೆಗೂ ನಡುವೆ ಇರುವುದು ಒಂದೇ ಗೋಡೆ, ನಾನು ಸೀನಿದರೆ ಆ ಕಡೆಯಿಂದ ‘ಶೀತಾನಾ ಮೇಡಂ?’ ಎಂಬ ವಿಚಾರಣೆ ಬರುತ್ತದೆ.

ನಾನು ಇಲ್ಲಿ ಕ್ಷೇಮ. ಊರಿನಲ್ಲಿ ನಮ್ಮವರೂ ಪುಟ್ಟಿಯೂ ಕ್ಷೇಮ. ನಮ್ಮವರು ಅವಳ ಜಡೆ ಹಾಕುವುದನ್ನು ಕಲಿತಿದ್ದಾರೆ, ಒಂದು ಜಡೆ ಆಕಾಶ ನೋಡುತ್ತದೆ, ಇನ್ನೊಂದು ಭೂಮಿ ನೋಡುತ್ತದೆಯಂತೆ.

ನನ್ನ ಹೊಸ ಕೆಲಸ ಏನು ಎಂದು ನೀನು ಪ್ರತಿ ಸಲವೂ ಕೇಳುತ್ತೀಯ, ಅವಸರದಲ್ಲಿ ನಾನು ಸರಿಯಾಗಿ ಹೇಳಿಯೇ ಇಲ್ಲ. ಕೆಲಸದಲ್ಲಿ ಪೆಟ್ಟು ಬಿದ್ದವರಿಗೆ, ಕಾಯಿಲೆ ಬಿದ್ದವರಿಗೆ ಸರ್ಕಾರ ಪಿಂಚಣಿ ಕೊಡುತ್ತದಲ್ಲ, ಅದನ್ನು ಇಲಾಖೆ ‘ಇಲ್ಲ’ ಎಂದಾಗ ಜನ ನಮ್ಮ ಹತ್ತಿರ ಬರುತ್ತಾರೆ. ಇಲಾಖೆ ಸರಿಯೋ ಬಂದವರು ಸರಿಯೋ ಎಂದು ತೀರ್ಮಾನ ಮಾಡುವ ಆಡಳಿತ ನ್ಯಾಯಾಧೀಶರು ನಾವು. ಸಂಬಳ ಕೊಡುವುದು ಸರ್ಕಾರ, ತೀರ್ಪು ಬರೆಯಬೇಕಾದದ್ದು ಎಷ್ಟೋ ಸಲ ಅದೇ ಸರ್ಕಾರದ ವಿರುದ್ಧ. ಸೊಸೆಯನ್ನು ಕರೆದು ಅತ್ತೆಯ ಅಡುಗೆಗೆ ಅಂಕ ಕೊಡು ಅಂದ ಹಾಗೆ.

ಆರು ಮಂದಿ ಒಟ್ಟಿಗೆ ಸೇರಿದೆವು. ನೇಮಕ ಮಾಡುವಾಗ ಇದ್ದ ಉತ್ಸಾಹ ಕೂರಿಸುವಾಗ ಇರಲಿಲ್ಲ. ಮೂರನೇ ಮಹಡಿಯಲ್ಲಿ ಮುರಿದ ಕುರ್ಚಿ ಮೇಜು ತುಂಬಿಟ್ಟಿದ್ದ ಉದ್ದನೆಯ ಹಜಾರವಿತ್ತು, ಅದನ್ನು ಖಾಲಿ ಮಾಡಿ, ಪ್ಲೈವುಡ್ ಹಲಗೆ ನಿಲ್ಲಿಸಿ ಆರು ಗೂಡು ಮಾಡಿದರು. ಹಲಗೆ ಛಾವಣಿಯವರೆಗೆ ಹೋಗುವುದಿಲ್ಲ, ಗೂಡಿಗೆ ಬಾಗಿಲಿಲ್ಲ. ಕಚೇರಿಯ ಜಾಗ, ಬೀಗ, ಬೀರು ಎಲ್ಲವೂ ಒಬ್ಬ ವ್ಯವಸ್ಥಾಪಕಿಯ ಕೈಯಲ್ಲಿ. ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುವುದರಿಂದ ಎಲ್ಲರೂ ಹಿಂದಿನಿಂದ ‘ಬೀಗದಮ್ಮ’ ಎನ್ನುತ್ತಾರೆ. ಬಾಗಿಲು ಯಾವಾಗ ಬರುತ್ತೆ ಎಂದು ಕೇಳಿದೆ. ‘ಗಾಳಿ ಬೇಡ್ವಾ ಮೇಡಂ?’ ಎಂದಳು. ನನ್ನ ಪಕ್ಕದ ಗೂಡಿನವರು ದಪ್ಪ ದನಿಯ ಮನುಷ್ಯ. ಮೊದಲು ಎಲ್ಲೋ ಕಾನೂನು ಪಾಠ ಹೇಳುತ್ತಿದ್ದರಂತೆ, ಕೊನೆಯ ಬೆಂಚಿಗೂ ಕೇಳಿಸುವಂತೆ ಮಾತಾಡಿ ಅಭ್ಯಾಸ. ನಾವು ಇಟ್ಟ ಹೆಸರು ಗುಡುಗಪ್ಪ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ, ನಮ್ಮ ಗೋಡೆಗೆ ಬಾಯಿಯೂ ಇತ್ತು.

ಎಲ್ಲ ಶುರುವಾದದ್ದು ಬಸ್ ಡಿಪೋದ ಒಬ್ಬ ಕೆಲಸಗಾರನಿಂದ. ಬಸ್ಸು ತೊಳೆಯುವ ಕೆಲಸ ಅವನದು. ರಿಪೇರಿಗೆ ತೋಡಿದ ಗುಂಡಿಯೊಳಗೆ ಬಿದ್ದು ಆಪರೇಷನ್ ಆಗಿದೆ. ಕೈಕಾಲು ನೆಟ್ಟಗಿವೆ, ಕೆಲಸ ಮಾಡಬಹುದು ಎಂದು ಇಲಾಖೆಯ ವಾದ. ಅವನ ತೊಂದರೆ ಕೈಕಾಲಿನಲ್ಲಿ ಇರಲಿಲ್ಲ. ‘ಆಪರೇಷನ್ ಆದ್ಮೇಲೆ ಮೇಡಂ, ನನಗೆ ಒಂದಕ್ಕೆ ಬಂದ್ರೆ ತಡ್ಕೊಳಕ್ಕೆ…’ ಎಂದು ಅವನು ಶುರು ಮಾಡಿದ್ದ. ಅಷ್ಟರಲ್ಲಿ ಹಲಗೆಯ ಆಚೆ ಗುಡುಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ಬೇರೆ ಯಾವುದಕ್ಕೋ. ಆದರೆ ಇವನ ಮುಖ ಸುಟ್ಟ ಹಾಗಾಯಿತು. ಫೈಲನ್ನು ಎದೆಗೆ ಒತ್ತಿಕೊಂಡು ಎದ್ದ. ‘ಬಿಡಿ ಮೇಡಂ, ನನಗೆ ಪಿಂಚಣಿ ಬೇಡ’ ಎಂದ. ಕೂರಿ ಎಂದರೂ ಕೂರಲಿಲ್ಲ. ಅಕ್ಕಾ, ನಿನ್ನ ವಾರ್ಡಿನಲ್ಲಿ ಒಂದು ಪರದೆಯಾದರೂ ಎಳೆಯುತ್ತೀಯ. ನನ್ನ ಹತ್ತಿರ ಅದೂ ಇರಲಿಲ್ಲ.

ನಾನು ಆ ವಿಚಾರಣೆಯನ್ನು ಮುಂದೂಡಿದೆ. ಆದೇಶದಲ್ಲಿ ಕಾರಣ ಇದ್ದ ಹಾಗೇ ಬರೆದೆ: ಹಲಗೆಯಾಚೆಯ ನಗು ಕೇಳಿ ಅರ್ಜಿದಾರ ಎದ್ದು ಹೋದ, ಮನುಷ್ಯ ತನ್ನ ಕಾಯಿಲೆಯನ್ನು ಮಾನವಾಗಿ ಹೇಳಿಕೊಳ್ಳುವಂಥ ಕೋಣೆ ಈ ಕಚೇರಿಯಲ್ಲಿ ಇಲ್ಲ. ಆಮೇಲೆ ಅಂಥ ಕೇಸುಗಳು ಬಂದಾಗಲೆಲ್ಲ ಮುಂದೂಡಿ, ಕೋಣೆ ಇಲ್ಲ ಎಂಬುದನ್ನೇ ಬರೆದೆ. ಈ ಆದೇಶಗಳ ಪ್ರತಿ ಮೇಲಿನ ಕೋರ್ಟಿಗೂ ಹೋಗುತ್ತದೆ, ಅಲ್ಲಿ ಕೇಳಿದರೆ ಉತ್ತರ ಕೊಡಬೇಕಾದವರು ನಮ್ಮ ಕಚೇರಿಯ ಮುಖ್ಯಸ್ಥರಾದ ಹಿರಿಯ ನ್ಯಾಯಾಧೀಶರು.

ಒಂದು ಸೋಮವಾರ ಬೀಗದಮ್ಮ ನಗುತ್ತಾ ಬಂದಳು. ಅವಳು ನಕ್ಕದ್ದು ಕಂಡು ನಾನು ಫೈಲು ಮುಚ್ಚಿಟ್ಟೆ. ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಮೇಜಿನ ಮೇಲಿಟ್ಟು, ‘ಮೂಲೆ ಕೋಣೆ ನಿಮಗೆ ಅಂತ ಹಿರಿಯ ಸಾಹೇಬ್ರು ಹೇಳಿದಾರೆ, ನಿಮಗೆ ಮಾತ್ರ’ ಎಂದಳು. ಹೋಗಿ ನೋಡಿದರೆ ಎರಡು ಕಿಟಕಿ, ಇಟ್ಟಿಗೆ ಗೋಡೆ, ಚಿಲಕವಿರುವ ನಿಜವಾದ ಬಾಗಿಲು. ಪುಕ್ಕಟೆ ಬಂದ ಬೆಲ್ಲದಲ್ಲಿ ಇರುವೆ ಇದೆಯಾ ನೋಡು ಎಂದು ನೀನೇ ಅಲ್ಲವೇ ನನ್ನನ್ನು ಬೆಳೆಸಿದ್ದು. ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬಾಗಿಲು ಹಾಕಿ ಗೋಡೆಯನ್ನೆಲ್ಲ ತಟ್ಟಿದೆ, ಮೇಜಿನಡಿ ಬಗ್ಗಿ ನೋಡಿದೆ, ಫ್ಯಾನಿನ ಬಟ್ಟಲನ್ನೂ ಕುರ್ಚಿ ಹತ್ತಿ ಇಣುಕಿದೆ. ಒಂದು ಸತ್ತ ಜಿರಳೆ ಸಿಕ್ಕಿತು, ಅದರ ಮೇಲೂ ನನಗೆ ಅನುಮಾನವೇ.

ಉಳಿದ ಐವರು ಮಾತು ಕಡಿಮೆ ಮಾಡಿದರು. ಊಟಕ್ಕೆ ಒಟ್ಟಿಗೆ ಕೂರುತ್ತಿದ್ದವರು ನಾನು ಬಂದ ಕೂಡಲೇ ಡಬ್ಬಿ ಮುಚ್ಚಿ ಏಳುತ್ತಿದ್ದರು. ‘ಮೇಡಂಗೆ ಮೇಲೆ ಯಾರೋ ಇದ್ದಾರೆ’ ಎಂಬ ಮಾತು ಮೆಟ್ಟಿಲಿನಲ್ಲಿ ಕಿವಿಗೆ ಬಿತ್ತು. ಎಲ್ಲರಿಗಿಂತ ಹೆಚ್ಚು ಬಿಗಿದುಕೊಂಡವರು ಗುಡುಗಪ್ಪ. ಅವರು ಹಿಂದೊಮ್ಮೆ ಹಿರಿಯ ನ್ಯಾಯಾಧೀಶರ ಕೋಣೆಗೆ ಹೋಗಿ ನನ್ನ ವಿಷಯ ಮಾತಾಡಿ ಬಂದಿದ್ದರು ಎಂದು ಬೀಗದಮ್ಮನೇ ಸುದ್ದಿ ಕೊಟ್ಟಳು. ಚಾಡಿ ಹೇಳಿದವರು ಇವರೇ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಜನರ ಕೇಸಿನಲ್ಲಿ ಎರಡೂ ಕಡೆ ಕೇಳದೆ ತುಟಿ ಬಿಚ್ಚದವಳು ಇಲ್ಲಿ ಒಂದು ಕಡೆಯನ್ನೂ ಪೂರ್ತಿ ಕೇಳಲಿಲ್ಲ.

ಆಮೇಲೆ ಹಿರಿಯ ನ್ಯಾಯಾಧೀಶರೇ ಕರೆಸಿದರು. ಟೀ ತರಿಸಿದರು. ‘ಮಗು ಎಷ್ಟನೇ ಕ್ಲಾಸಮ್ಮ? ಚಿಕ್ಕ ಮಗು ಬಿಟ್ಟು ಇರೋದು ಕಷ್ಟಾನೇ ಬಿಡಿ’ ಎಂದರು. ಹೊಸಬರಿಗೆ ಎರಡು ವರ್ಷ ವರ್ಗಾವಣೆ ಕೇಳುವ ಹಾಗಿಲ್ಲ ಎಂದು ಸೇರಿದ ದಿನ ಇದೇ ಬಾಯಿ ಹೇಳಿತ್ತು. ಈಗ ನಮ್ಮ ಊರಿನ ಕಚೇರಿಯಲ್ಲೇ ಒಂದು ಜಾಗ ಖಾಲಿ ಇದೆಯಂತೆ. ‘ನಾನೇನೂ ಹೇಳ್ತಿಲ್ಲ. ನೀವಾಗೇ ಒಂದು ಅರ್ಜಿ ಬರ್ಕೊಟ್ರೆ ನೋಡಬಹುದು.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು, ಬೆಳಕು ಯಾವ ಕಡೆಗೆ ಎಂದು ಕೇಳುವ ಹಾಗಿಲ್ಲ. ನಾನು ಏಳುವಾಗ ಮೆಲ್ಲಗೆ ಸೇರಿಸಿದರು, ‘ಹೋಗೋಕೆ ಮುಂಚೆ ಆ ಮುಂದೂಡಿದ ಆದೇಶಗಳನ್ನ ಸ್ವಲ್ಪ ಸರಿ ಮಾಡಿಬಿಡಿ. ಕಾರಣ ಅಷ್ಟು ಉದ್ದ ಯಾಕೆ? ಆಡಳಿತದ ಕಾರಣ ಅಂದ್ರೆ ಸಾಕಲ್ವಾ?’

ನಿನ್ನ ಹತ್ತಿರ ಮುಚ್ಚುಮರೆ ಏನು, ನನಗೆ ಆಸೆಯಾಯಿತು. ಅಂದು ಸಂಜೆ ನಮ್ಮವರಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ. ಪುಟ್ಟಿ ಪಕ್ಕದಲ್ಲೇ ಇದ್ದಳು. ಮಾರನೆಯ ದಿನವೇ ಅಮ್ಮ ಬರುತ್ತಾಳೆ ಎಂದು ಕ್ಲಾಸಿನಲ್ಲೆಲ್ಲ ಸಾರಿ, ಬೀರುವಿನಲ್ಲಿ ನನ್ನ ಸೀರೆಗೆ ಒಂದು ಅರೆ ಖಾಲಿ ಮಾಡಿದಳಂತೆ. ನಾನು ಮೂಲೆ ಕೋಣೆಯಲ್ಲಿ ಕೂತು ಅರ್ಜಿ ಬರೆಯಲು ಶುರು ಮಾಡಿದೆ. ‘ನನ್ನ ಸ್ವಂತ ಕೋರಿಕೆಯ ಮೇರೆಗೆ’ ಎಂಬಲ್ಲಿಗೆ ಪೆನ್ನು ನಿಂತಿತು. ಕೋರಿಕೆ ನನ್ನದೇ, ಸುಳ್ಳಲ್ಲ. ಆದರೂ ನನ್ನ ಕೈಯಲ್ಲಿ ಬೇರೆ ಯಾರೋ ಬರೆಸುತ್ತಿದ್ದಾರೆ ಅನ್ನಿಸಿತು.

ಟೀ ಕುಡಿದು ಬರೋಣ ಎಂದು ಕೆಳಗಿಳಿದರೆ ಅಂಗಡಿಯಲ್ಲಿ ಗುಡುಗಪ್ಪ ಒಬ್ಬರೇ. ಎದುರುಬದುರಾದ ಮೇಲೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ‘ನನ್ನ ಮೇಲೆ ಏನು ದೂರು ಕೊಟ್ರಿ ಸರ್?’ ಎಂದು ನೇರವಾಗಿ ಕೇಳಿದೆ. ಅವರು ಲೋಟ ಕೆಳಗಿಟ್ಟರು. ಮೊದಲ ಸಲ ಅವರ ದನಿ ಸಣ್ಣಗಾದದ್ದನ್ನು ಕೇಳಿದೆ. ‘ನಾನು ನಕ್ಕಿದ್ದಕ್ಕೆ ಆ ಮನುಷ್ಯ ಎದ್ದು ಹೋದ ಅಂತ ನಿಮ್ಮ ಆದೇಶ ಓದಿದ ಮೇಲೆ ಗೊತ್ತಾಯ್ತು. ಎರಡು ದಿನ ಊಟ ಸೇರಲಿಲ್ಲ ಮೇಡಂ. ಅಂಥ ಕೇಸಿಗೆ ಆರು ಜನಕ್ಕೂ ಸೇರಿ ಮೂಲೆ ಕೋಣೆ ಕೊಡಿ ಅಂತ ಕೇಳಕ್ಕೆ ಹೋಗಿದ್ದೆ. ಮಾರನೇ ವಾರ ನೋಡಿದ್ರೆ ಅದು ನಿಮ್ಮೊಬ್ಬರಿಗೆ ಸಿಕ್ಕಿತ್ತು. ಇವರು ಒಳಗೊಳಗೇ ಕೆಲಸ ಮಾಡ್ಕೊಂಡ್ರು ಅಂತ ನಾನಂದ್ಕೊಂಡೆ’ ಎಂದರು. ಹಿರಿಯರು ಅವರಿಗೂ ವರ್ಗಾವಣೆಯ ಆಸೆ ತೋರಿಸಿದ್ದರಂತೆ, ಅದೇ ಟೀ, ಅದೇ ಕಪ್ಪು. ಆರು ಜನಕ್ಕೆ ಕೊಟ್ಟರೆ ಅದು ಹಕ್ಕಾಗುತ್ತಿತ್ತು, ಒಬ್ಬಳಿಗೆ ಕೊಟ್ಟದ್ದರಿಂದ ಉಪಕಾರವಾಯಿತು, ಉಳಿದ ಐವರ ಹೊಟ್ಟೆಕಿಚ್ಚು ಪುಕ್ಕಟೆ ಕಾವಲಾಯಿತು. ಇಬ್ಬರೂ ಪೆಚ್ಚಾಗಿ ನಕ್ಕೆವು. ಅಂಗಡಿಯವನಿಗೆ ಕಾಸು ಅವರೇ ಕೊಟ್ಟರು.

ಅರ್ಜಿಯನ್ನು ನಾನು ಮುಗಿಸಲಿಲ್ಲ ಅಕ್ಕಾ. ಮರುದಿನ ನನ್ನ ಮೇಜನ್ನು ಎಳೆದುಕೊಂಡು ಹಳೆಯ ಗೂಡಿಗೇ ಬಂದೆ. ಬೀಗದ ಕೈ ನನ್ನ ಹತ್ತಿರವೇ ಇತ್ತು. ಬಾಯಿಬಿಟ್ಟು ಹೇಳಲಾಗದ ಕಾಯಿಲೆಯ ಕೇಸು ಯಾರಿಗೆ ಬಂದರೂ ಅವರು ಮೂಲೆ ಕೋಣೆಗೆ ಹೋಗುವುದು ಎಂದು ಆರು ಜನ ಮಾತಾಡಿಕೊಂಡೆವು. ಬೀಗದಮ್ಮ ಓಡಿ ಬಂದು, ‘ಮೇಲಿಂದ ಹೇಳಿಲ್ಲ ಮೇಡಂ’ ಎಂದಳು. ನನಗೆ ಕೊಟ್ಟ ಕೋಣೆಗೆ ನಾನು ಅತಿಥಿಗಳನ್ನು ಕರೆಯಬಾರದೇ ಎಂದು ಕೇಳಿದೆ. ಅವಳು ಗೊಂಚಲು ಝಣಗುಟ್ಟಿಸುತ್ತಾ ಮೆಟ್ಟಿಲಿಳಿದು ಹೋದಳು.

ಡಿಪೋದವನಿಗೆ ಮತ್ತೆ ನೋಟೀಸು ಕಳಿಸಿದ್ದೆ. ಶುಕ್ರವಾರ ಬಂದ. ಬಂದವನು ಕೂರಲಿಲ್ಲ. ನಾನು ತಟ್ಟಿದ ಗೋಡೆಗಳನ್ನೇ ಅವನೂ ತಟ್ಟಿದ. ಆಮೇಲೆ ಸಂಕೋಚದಿಂದ, ‘ತಪ್ಪು ತಿಳ್ಕೋಬೇಡಿ. ನೀವು ಒಳಗೆ ಏನಾದ್ರೂ ಮಾತಾಡಿ, ನಾನು ಹೊರಗೆ ನಿಂತು ಕೇಳ್ತೀನಿ’ ಎಂದ. ಹೋಗಿ ಬಾಗಿಲು ಎಳೆದುಕೊಂಡ. ಖಾಲಿ ಕೋಣೆಯಲ್ಲಿ ಏನು ಹೇಳಲಿ? ಬಾಯಿಗೆ ಬಂದದ್ದು, ‘ನನಗೆ ನನ್ನ ಮಗಳನ್ನ ನೋಡಬೇಕು’ ಎಂಬ ಮಾತು. ಜೋರಾಗಿಯೇ ಹೇಳಿದೆ, ಎರಡು ಸಲ. ಬಾಗಿಲು ತೆಗೆದು ಅವನು ಒಳಗೆ ಬಂದ. ‘ಏನೂ ಕೇಳಿಸಲಿಲ್ಲ ಮೇಡಂ’ ಎಂದು ಕುರ್ಚಿ ಎಳೆದು ಕೂತ. ಆಮೇಲೆ ಎಲ್ಲವನ್ನೂ ಹೇಳಿದ, ತಲೆ ಬಗ್ಗಿಸದೆ.

ನಿನ್ನೆ ಶನಿವಾರ, ಕಚೇರಿಗೆ ಹೋಗಿ ಕೂತು ಅವನ ತೀರ್ಪು ಬರೆದು ಸಹಿ ಮಾಡಿದೆ. ಪಿಂಚಣಿ ಅವನಿಗೆ ಸಲ್ಲಬೇಕು. ಹಳೆಯ ಆದೇಶಗಳಲ್ಲಿ ಒಂದಕ್ಷರವನ್ನೂ ಸರಿ ಮಾಡಲಿಲ್ಲ.

ಬೆಲ್ಟಿನ ವಿಷಯ ಭಾವನ ಹತ್ತಿರವೂ ಕೇಳುತ್ತೇನೆ, ಇಬ್ಬರ ಹೇಳಿಕೆಯೂ ತಾಳೆಯಾಗಬೇಕು. ಮನೆಯ ಹಿರಿಯರಿಗೆಲ್ಲ ನನ್ನ ನಮಸ್ಕಾರ ಹೇಳು, ಮಕ್ಕಳ ಕೆನ್ನೆಗೆ ಚಿಕ್ಕಮ್ಮನ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ಇಂತು ನಿನ್ನ ಅನುಮಾನದ ಶಿಷ್ಯೆ,
ತಂಗಿ

ಮರೆತಿದ್ದೆ ಅಂದರೆ ನೀನು ನಂಬುವುದಿಲ್ಲ, ಬರೆಯಲು ಕೈ ಬರಲಿಲ್ಲ. ಭಾವ ಬಂದು ಚಪ್ಪಲಿಯನ್ನೂ ಬಿಡದೆ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತಂತೆ. ನಿನ್ನೆ ಸಹಿ ಮಾಡಿ ಎದ್ದಾಗ ಬೀಗದಮ್ಮ ನನ್ನ ಎತ್ತಂಗಡಿ ಆದೇಶ ತಂದು ಕೊಟ್ಟಳು. ಊರಿಗಲ್ಲ. ಪುಟ್ಟಿಗೂ ನನಗೂ ನಡುವೆ ಈಗಿರುವುದಕ್ಕಿಂತ ಇನ್ನೂ ಒಂದು ಹಗಲಿನ ಪ್ರಯಾಣ ದೂರ. ‘ಆಡಳಿತದ ಹಿತದೃಷ್ಟಿಯಿಂದ’ ಎಂದಿದೆ. ಗುಡುಗಪ್ಪನವರನ್ನು ಇನ್ನೊಂದು ದಿಕ್ಕಿಗೆ ಎಸೆದಿದ್ದಾರೆ. ಮೂಲೆ ಕೋಣೆಯ ಬೀಗದ ಕೈಯನ್ನು ಬೀಗದಮ್ಮನಿಗೆ ಕೊಡಲಿಲ್ಲ, ಉಳಿದ ನಾಲ್ವರಲ್ಲಿ ಒಬ್ಬರ ಕೈಗೆ ಕೊಟ್ಟು ಬಂದೆ. ಹೊಸ ಕಚೇರಿಗೆ ಫೋನು ಮಾಡಿ ಬಾಗಿಲು ಮುಚ್ಚುವ ಕೋಣೆ ಇದೆಯಾ ಎಂದು ವಿಚಾರಿಸಿದೆ. ‘ಕೋಣೆ ಬೇಕಾದಷ್ಟಿವೆ ಮೇಡಂ, ನ್ಯಾಯಾಧೀಶರೇ ಇಲ್ಲ’ ಎಂದರು. ಕಣ್ಣಾರೆ ನೋಡಿದ ಮೇಲೆ ನಂಬುತ್ತೇನೆ. ಅಕ್ಕಾ, ಪುಟ್ಟಿಗೆ ಇನ್ನೂ ಹೇಳಿಲ್ಲ. ಅವಳಪ್ಪ ಹೇಳಲು ಹೋದರೆ ಮಾತು ಬದಲಿಸಿ ಜಡೆ ಹಾಕಲು ಕೂರುತ್ತಾರೆ, ನಾನು ಹೇಳಿದರೆ ಅವಳು ನಂಬುವುದಿಲ್ಲ. ನೀನು ಹೇಳಿದರೆ ನಂಬುತ್ತಾಳೆ. ನಾಳೆ ಅವಳು ಶಾಲೆಯಿಂದ ಬರುವ ಹೊತ್ತಿಗೆ ಫೋನು ಮಾಡು. ಅಮ್ಮನನ್ನು ಕಳಿಸಿಬಿಟ್ಟರು ಎಂದಷ್ಟೇ ಹೇಳಬೇಡ. ಬರಬಹುದಿತ್ತು, ಅಮ್ಮನೇ ಬರಲಿಲ್ಲ ಎಂಬುದನ್ನೂ ಹೇಳು.