ಮಾಡಿ ತೋರಿಸಿದ ಮೇಲೆ

ಸೌದಾಮಿನಿ ಟೀಚರೇ,

ನೀವು ತೀರಿಕೊಂಡ ಮೇಲೆ ಬೆಳ್ಳೂರಿನ ನಿಮ್ಮ ಕ್ಲಾಸು ನನಗೇ ಬಂತು. ಇವತ್ತು ಇಂಗ್ಲಿಷಿನಲ್ಲಿ ಮಾಡಿ ಮುಗಿಸಿದ್ದನ್ನು ಹೇಳುವ ಪ್ರೆಸೆಂಟ್ ಪರ್ಫೆಕ್ಟ್ ಪಾಠ. ‘ಹ್ಯಾವ್’ ಹಾಕಿ, ಕ್ರಿಯಾಪದದ ಕೊನೆಗೆ ‘ಈಡಿ’ ಸೇರಿಸಿ ಎಂದೆ. ಆದರೆ ನಿಮ್ಮದೇ ನಿಯಮ: ಕೆಲಸ ಮಾಡಿ ತೋರಿಸದೆ ಯಾರೂ ವಾಕ್ಯ ಹೇಳುವಂತಿಲ್ಲ. ಗ್ರಾಮರಿಗೆ ಹೆದರಿ ಅಳುತ್ತಿದ್ದ ನನ್ನನ್ನು ಟೀಚರನ್ನಾಗಿ ಮಾಡಿದ್ದು ಆ ಆಟವೇ.

ಉಜ್ವಲಾ ಎಂಬ ಹುಡುಗಿ ಹೊರಗೆ ಓಡಿಹೋಗಿ ಮರಳಿ ಬಂದಳು. “ಐ ಹ್ಯಾವ್ ವಾಷ್ಡ್ ಮೈ ಪ್ಲೇಟ್!” ಎನ್ನುತ್ತಾ ನೀರು ತೊಟ್ಟಿಕ್ಕುವ ಊಟದ ತಟ್ಟೆ ಎತ್ತಿ ಹಿಡಿದಳು. ನೀವಿದ್ದಿದ್ದರೆ ಎಷ್ಟು ನಗುತ್ತಿದ್ದಿರಿ!

“ನೀವೂ ಒಂದು ಹೇಳಿ ಟೀಚರ್. ನೀವು ಎಂತ ಮಾಡಿದ್ದೀರಿ?” ಎಂದಳು.

‘ಐ ಹ್ಯಾವ್ ಥ್ಯಾಂಕ್ಡ್ ಮೈ ಟೀಚರ್’ ಎಂಬುದು ಬಾಯಿಯವರೆಗೆ ಬಂತು. ಆದರೆ ನೀವಿದ್ದಾಗ ಅದನ್ನು ನಾನು ಮಾಡಿಯೇ ಇರಲಿಲ್ಲ; ನಿಯಮ ನಿಯಮವೇ. ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದೆ. “ಐ ಹ್ಯಾವ್ ಕ್ಲೀನ್ಡ್ ದಿ ಬೋರ್ಡ್” ಎಂದೆ.

ನಿಮ್ಮ ಶಿಷ್ಯೆ,
ಸುಪ್ರೀತಾ