ಮಂಗಳಾರತಿ ಮುಗಿಯುವವರೆಗೆ ಓಡಿದ ಇಂಜಿನ್

ಚಳ್ಳಕೆರೆ
ಮಂಗಳವಾರ, 11 ಮಾರ್ಚ್ 2025

ಚಿ. ಸೌ. ಪುಷ್ಪಾಳಿಗೆ ಆಶೀರ್ವಾದಗಳು.

ನಿನ್ನ ತಮ್ಮ ರವಿತೇಜನ ವಿಮಾನದ ಇಂಜಿನ್ ಈಗ ನಿಮಿಷಕ್ಕೆ 2,500 ಸುತ್ತಿನ ಮೇಲೆ ಏರುತ್ತಿಲ್ಲ. ಇಂಜಿನ್ ಪೂಜೆಯ ಮಾರನೆಯ ದಿನ 2,800 ಮುಟ್ಟಿತ್ತು. ಹೇಳಿದವನು ಅವನ ಶೆಡ್ಡಿನ ಫಿಟ್ಟರ್ ಕಲ್ಲೇಶಪ್ಪ. ನಿನ್ನೆ ಸಂಜೆ ನಮ್ಮ ಲೇತ್ ಅಂಗಡಿಗೆ ಬಂದಿದ್ದ.

ನೀನು ಮೊಳಕಾಲ್ಮೂರಿಗೆ ಹೋಗಿ ಹದಿನಾರು ದಿನವಾಯಿತು. ನಾನು ಬರೆಯಲಿಲ್ಲ, ನೀನು ಫೋನ್ ಮಾಡಿದಾಗ ಎತ್ತಲೂ ಇಲ್ಲ. ಬೇಸರ ಮಾಡಿಕೊಳ್ಳಬೇಡ. ಮಾತಾಡಿದ್ದರೆ ದನಿ ಏರುತ್ತಿತ್ತು. ಅತ್ತೆಯ ಕೈಯ ಪ್ಲಾಸ್ಟರ್ ತೆಗೆದರೇ? ಅವರ ಮಗ್ಗದಲ್ಲಿ ನೀನು ಕೂತು ಸೀರೆ ಮುಗಿಸುತ್ತಿದ್ದೀಯೆಂದು ಕೇಳಿದೆ. ಒಳ್ಳೆಯದು.

ಕಾರಿನ ಇಂಜಿನ್ ಪೂರ್ತಿ ಬಲ ಕೊಡುವುದು ಐದು ಸಾವಿರ ಸುತ್ತಿನ ಮೇಲೆ. ಸಣ್ಣ ವಿಮಾನದ ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗಬಾರದು. ಅದಕ್ಕೆ 2,800ರಲ್ಲೇ ಬಲ ಬೇಕು. ನಡುವೆ ಗೇರು ಹಾಕಿದರೆ ತೂಕ ಹೆಚ್ಚುತ್ತದೆ. ರವಿತೇಜ ತನ್ನ ವಿಮಾನಕ್ಕೆ ಕಾರಿನ ಇಂಜಿನ್ ಕೂಡಿಸಲು ಎರಡು ವರ್ಷ ಒದ್ದಾಡಿ ಕೊನೆಗೆ ನನ್ನ ಲೇತಿನ ಮುಂದೆ ಬಂದು ನಿಂತ. ಎಣ್ಣೆ ಮಿಲ್ಲಿನ ಇಂಜಿನ್‌ಗಳು ನಿಧಾನಕ್ಕೆ ತಿರುಗುತ್ತಲೇ ಗಾಣ ಎಳೆಯುವುದನ್ನು ಮೂವತ್ತು ವರ್ಷ ನೋಡಿದವನು ನಾನು. ವಾಲ್ವ್ ತೆರೆಯುವ ಕ್ಯಾಮ್‌ನ ಉಬ್ಬುಗಳನ್ನು ಬೇರೆ ಆಕಾರಕ್ಕೆ ಉಜ್ಜಿದೆ. ಐದು ಹಾಳಾದವು. ಆರನೆಯದರ ಅಳತೆ ಕೂಡಿತು.

ಹೊಸ ಕ್ಯಾಮ್ ಹಾಕಿದ ಇಂಜಿನ್ ಚಾಲೂ ಆದ ಕೂಡಲೇ ಎರಡು ಸಾವಿರ ಸುತ್ತಿನಲ್ಲಿ ಇಪ್ಪತ್ತು ನಿಮಿಷ ಓಡಬೇಕು. ಆಗಲೇ ಎಣ್ಣೆ ಚಿಮ್ಮಿ ಉಬ್ಬುಗಳಿಗೆ ತಾಗುತ್ತದೆ. ನಿಧಾನಕ್ಕೆ ಬಿಟ್ಟರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಮಿಲ್ಲುಗಳ ಪದ್ಧತಿ ನಿನಗೆ ಗೊತ್ತು: ಹೊಸ ಇಂಜಿನ್ ಮಂಗಳಾರತಿ ಮುಗಿಯುವವರೆಗೆ ಮೆಲ್ಲಗೆ ಗುನುಗಬೇಕು, ಜೋರು ಮಾಡಿದರೆ ಅಪಶಕುನ. ಮಿಲ್ಲಿನ ಇಂಜಿನ್ ಅದನ್ನು ತಡೆಯುತ್ತದೆ. ಇದು ತಡೆಯದು.

ಪೂಜೆಯ ದಿನ ಅದನ್ನು ಹೇಳಲೆಂದೇ ಎದ್ದು ಮುಂದೆ ಹೋದೆ. ರವಿತೇಜನ ಕೈಯಲ್ಲಿ ಮೈಕ್ ಇತ್ತು.

"ಭಾವ, ನೀವ್ ಊಟಕ್ ಕೂತ್ಕಳ್ರಿ. ಇದು ಎಣ್ಣೆ ಮಿಲ್ ಇಂಜಿನ್ ಅಲ್ಲ, ಜಿಡ್ಡಿನ ಕೈ ವಸಿ ದೂರ ಇರ್ಲಿ" ಎಂದ.

ಬೆಂಗಳೂರಿನಿಂದ ಬಂದ ಅತಿಥಿಗಳು ನಕ್ಕರು. ಅದೇ ಮೈಕಿನಲ್ಲಿ ಅವನು ಕ್ಯಾಮ್ ತನ್ನದೇ ವಿನ್ಯಾಸ ಎಂದ. ನಾನು ಹಿಂದಿನ ಸಾಲಿಗೆ ಹೋಗಿ ಗಡಿಯಾರ ನೋಡುತ್ತ ಕೂತೆ. ಮೂವತ್ತೈದು ನಿಮಿಷ ಇಂಜಿನ್ ಗುನುಗಿತು. ಒಂದೊಂದು ನಿಮಿಷವೂ ನನಗೆ ಹಬ್ಬವಾಗಿತ್ತು. ನಿನ್ನಿಂದ ಮುಚ್ಚಿಡುವುದಿಲ್ಲ.

ನಿನ್ನೆ ಕಲ್ಲೇಶಪ್ಪ, ನಾನು ಹೇಳಿದ್ದಂತೆ, ಇಂಜಿನ್‌ನಿಂದ ಇಳಿಸಿದ ಎಣ್ಣೆಯನ್ನು ಬಾಟಲಿಯಲ್ಲಿ ತಂದಿದ್ದ. ಅಯಸ್ಕಾಂತ ಅದ್ದಿ ತೆಗೆದೆ. ಕಬ್ಬಿಣದ ಪುಡಿ ಮೀಸೆಯಂತೆ ಹತ್ತಿಕೊಂಡಿತು.

"ಯಜಮಾನ್ರೇ, ಒಳ್ಗೆ ಟಕಟಕ ಅಂತೈತೆ. ಅವ್ರು ಕಾರ್ಬುರೇಟರ್ ಅಂತ ನಾಕ್ ಸಲ ಬಿಚ್ಚವ್ರೆ."

"ಹಾರ್ತಾನಂತಾ?"

"ಗುರುವಾರ, ಒಬ್ರೇ. ಎರಡೂವರೆ ಸಾವಿರ ಸಾಕು, ಏಳ್ತೈತೆ ಅಂದ್ರು. ಈ ಪುಡಿ ವಿಷ್ಯ ಹೇಳ್ಲಾ?"

"ಮೈಕ್ ಹಿಡಿದೋರಿಗೆ ಫಿಟ್ಟರ್ ಏನ್ ಹೇಳ್ತೀಯ? ಸುಮ್ನಿರಲೇ."

ದೊಡ್ಡಉಳ್ಳಾರ್ತಿ ದಾರಿಯ ಆ ಮಣ್ಣಿನ ಪಟ್ಟಿಯಿಂದ ವಿಮಾನ ಏಳಲೂಬಹುದು. ಏರುವಾಗ ಉಬ್ಬು ಇನ್ನಷ್ಟು ಸವೆದರೆ ವಾಲ್ವ್ ತೆರೆಯುವುದಿಲ್ಲ, ಬಲ ಹೋಗುತ್ತದೆ. ಇದು ಗೊತ್ತಿದ್ದವನು ನಾನೊಬ್ಬನೇ. ಈಗ ನಾವಿಬ್ಬರು.

ನಾನು ಹೇಳುವುದಿಲ್ಲ. ನೀನು ಹೇಳಬಹುದು. ಫೋನಿನಲ್ಲಿ ಹೇಳಿದರೆ ಅವನು ನಗುತ್ತಾನೆ, ನಿನಗೇನು ಗೊತ್ತು ಎನ್ನುತ್ತಾನೆ. ಗುರುವಾರ ಅದೇ ಅತಿಥಿಗಳು ಬರುತ್ತಾರೆ. ಅವರ ಮುಂದೆ ನಿಂತು, ಕ್ಯಾಮ್ ಉಜ್ಜಿದವನು ನನ್ನ ಗಂಡ, ಅವನೇ ಹೇಳಿದ್ದು ಎಂದರೆ ಇಂಜಿನ್ ಬಿಚ್ಚಿ ನೋಡುತ್ತಾರೆ. ಬೇರೆ ದಾರಿ ನಾನು ಉಳಿಸಿಲ್ಲ.

ಅತ್ತೆಗೆ ನಮಸ್ಕಾರ ತಿಳಿಸು. ದೇವರು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ.

ಇಂತಿ,
ರಾಮಾಂಜನೇಯ

ತಾ.ಕ.: ರವಿತೇಜನ ಮಾತನ್ನು ನುಂಗಿಕೊಳ್ಳುತ್ತಿದ್ದೆ. ಆದರೆ ಆರೂ ಕ್ಯಾಮ್‌ಗಳ ಅಳತೆಯನ್ನು ನಾನು ಓದಿ ಹೇಳಿದಂತೆ ಬರೆದುಕೊಂಡವಳು ನೀನು. ಅಂದು ಪಂಕ್ತಿಯಲ್ಲಿ ಒಬ್ಬಾಕೆ, ಈ ಕ್ಯಾಮ್ ಯಾರ ಕೈಕೆಲಸವೆಂದು ತೆಲುಗಿನಲ್ಲಿ ನಿನ್ನನ್ನೇ ಕೇಳಿದಳು. ನಾನು ಎರಡು ಎಲೆ ಆಚೆ ಕೂತಿದ್ದೆ. ನೀನು ನನ್ನ ಮುಖ ನೋಡಿ, "ಮಾ ತಮ್ಮುಡಿದೇ", ನಮ್ಮ ತಮ್ಮನದೇ, ಎಂದೆ.

ಕಲ್ಲೇಶಪ್ಪ ಈ ಪತ್ರವನ್ನು ಬುಧವಾರ ಮಧ್ಯಾಹ್ನದ ಬಸ್ಸಿನಲ್ಲಿ ತರುತ್ತಾನೆ. ಹಾರಾಟ ಗುರುವಾರ ಬೆಳಿಗ್ಗೆ ಏಳು ಗಂಟೆಗೆ.